ಕಲ್ಲು ಒಡೆದು ಮಾಡಿದ ಮಣ್ಣು

ಪೋರ್ಟ್ ವೈನ್‌ಗೆ ಆ ಹೆಸರು ಬಂದದ್ದು ಪೋರ್ಚುಗಲ್‌ನ ಪೋರ್ಟೊ ಎಂಬ ಊರಿನಿಂದ. ಆದರೆ ಅದರ ದ್ರಾಕ್ಷಿ ಪೋರ್ಟೊದಲ್ಲಿ ಬೆಳೆಯುವುದಿಲ್ಲ. ಸಮುದ್ರದ ದಂಡೆಯ ಆ ಊರಿನಲ್ಲಿ ರೈಲು ಹತ್ತಿ, ದೋರು ನದಿಗೆ ಎದುರಾಗಿ ಹತ್ತಿರ ಹತ್ತಿರ ಎರಡು ಗಂಟೆ ಒಳಕ್ಕೆ ಹೋಗಬೇಕು. ಪೋರ್ಟ್‌ನ ತೋಟಗಳು ಶುರುವಾಗುವುದು ಅಲ್ಲಿ, ಬೆಟ್ಟಗಳ ಮೈಮೇಲೆ. ಬೆಟ್ಟದ ಜನ ಬೆಳೆದರು, ಕೊಯ್ದರು, ಕಾಲಲ್ಲಿ ತುಳಿದು ರಸ ತೆಗೆದರು, ಪೀಪಾಯಿಗೆ ತುಂಬಿ ದೋಣಿಗೆ ಹತ್ತಿಸಿದರು. ಹೆಸರು ಮಾತ್ರ ಬಂದರಿನ ಪಾಲಾಯಿತು.

ಇದು ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮಪ್ಪ ದೊಡ್ಡಬಳ್ಳಾಪುರದ ಹತ್ತಿರ ಒಂದೂವರೆ ಎಕರೆಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಆ ತಳಿಯ ಹೆಸರು ಬೆಂಗಳೂರು ಬ್ಲೂ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಜನ ಬೆಳೆದದ್ದಕ್ಕೆ ಬೆಂಗಳೂರಿನ ಹೆಸರು. ಚಿಕ್ಕವಳಿದ್ದಾಗ ಟೆಂಪೋದಲ್ಲಿ ಕ್ರೇಟುಗಳ ಪಕ್ಕ ಕೂತು ಮಂಡಿಗೆ ಹೋಗುತ್ತಿದ್ದೆ. ಆಗ ಇದರ ಬಗ್ಗೆ ಯೋಚನೆ ಬಂದಿರಲಿಲ್ಲ. ದೋರು ಕಣಿವೆಯ ರೈಲಿನಲ್ಲಿ ಕೂತಾಗ ಬಂತು.

ಇಂಗ್ಲಿಷ್ ಓದಿ ಈ ನದಿಯ ಪರಿಚಯ ಆದವರು ಡೌರೊ ಅಂತಾರೆ. ಅಲ್ಲಿನವರ ಬಾಯಲ್ಲಿ ಅದು ದೋರು. ನಾನೂ ಹಾಗೇ ಬರೆಯುತ್ತೇನೆ.

ನಾನು ಹೋದದ್ದು 2025ರ ಸೆಪ್ಟೆಂಬರ್ ಕೊನೆಯಲ್ಲಿ, ಕೊಯ್ಲು ಮುಗಿಯುತ್ತಾ ಬಂದ ಹೊತ್ತಿಗೆ. ಆರು ದಿನ ಇದ್ದೆ. ಗ್ಲಾಸಿಗೆ ಮೂಗಿಟ್ಟು ಇದರಲ್ಲಿ ಚೆರಿ ಇದೆ, ಇದರಲ್ಲಿ ಚಾಕೊಲೇಟ್ ಇದೆ ಎಂದು ಹೇಳುವುದನ್ನು ಕಲಿಯುವ ಆಸೆ ಇರಲಿಲ್ಲ. ನನಗೆ ತೋಟ ನೋಡಬೇಕಿತ್ತು.

ಪೋರ್ಟೊದಿಂದ ಹೋಗುವಾಗ ರೈಲಿನಲ್ಲಿ ಬಲಗಡೆ ಕಿಟಕಿ ಹಿಡಿಯಬೇಕು. ಮೊದಲ ಒಂದು ಗಂಟೆ ಮನೆಗಳು, ಜೋಳದ ಹೊಲ, ನೀಲಗಿರಿ ಮರ. ಆಮೇಲೆ ಇದ್ದಕ್ಕಿದ್ದ ಹಾಗೆ ಕಿಟಕಿಯ ಕೆಳಗೆ ನದಿ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಹಳಿ ನೀರಿನ ಪಕ್ಕ ಬಿಟ್ಟು ಕದಲುವುದಿಲ್ಲ. ಸ್ಪೇನಿನಲ್ಲಿ ಹುಟ್ಟಿ 897 ಕಿಲೋಮೀಟರ್ ಹರಿದು ಅಟ್ಲಾಂಟಿಕ್ ಸೇರುವ ನದಿ ಇದು. ಈಗ ನೋಡಿದರೆ ತುಂಬಿದ ಕೆರೆಯ ಹಾಗೆ ಸುಮ್ನೆ ಇದೆ. ಪೋರ್ಚುಗಲ್‌ನ ಒಳಗಿನ ಹರಿವಿಗೆ 1970ರ ದಶಕದಿಂದೀಚೆಗೆ ಒಂದರ ಹಿಂದೆ ಒಂದು ಐದು ಅಣೆಕಟ್ಟು ಕಟ್ಟಿದರು. ಅದಕ್ಕೂ ಮುಂಚೆ ಇದು ಬಂಡೆಗಳ ನಡುವೆ ನುಗ್ಗುವ ನದಿ. ಪೀಪಾಯಿ ಹೇರಿದ ರಬೆಲು ಎಂಬ ದೋಣಿಗಳು ಅದರಲ್ಲೇ ಇಳಿದು ಪೋರ್ಟೊ ಮುಟ್ಟಬೇಕಿತ್ತು. ಚಪ್ಪಟೆ ತಳ, ಚೌಕದ ಹಾಯಿ, ಹಿಂದೆ ಮರದ ಉದ್ದನೆಯ ಚುಕ್ಕಾಣಿ ಹುಟ್ಟು. ಅಂಬಿಗ ಎತ್ತರದ ಅಟ್ಟಣೆ ಮೇಲೆ ನಿಂತು ಅದನ್ನು ತಿರುಗಿಸುತ್ತಿದ್ದ. ಮುಂದಿರುವ ಬಂಡೆ ಪೀಪಾಯಿಗಳ ಮೇಲಿಂದ ಕಾಣಬೇಕಲ್ವಾ, ಅದಕ್ಕೆ ಅಷ್ಟು ಎತ್ತರ.

ಇಳಿದದ್ದು ಪಿನ್ಯಾಂವ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ರೈಲ್ವೆ ಸ್ಟೇಷನ್ ಗೋಡೆಗೆ ನೀಲಿ ಬಿಳಿ ಹೆಂಚಿನ 24 ಚಿತ್ರಗಳಿವೆ. 1937ರಲ್ಲಿ ಕೂರಿಸಿದವು. ಕೊಯ್ಲು, ಬುಟ್ಟಿ ಹೊತ್ತ ಗಂಡಸರು, ಗೊಂಚಲು ಕತ್ತರಿಸುವ ಹೆಂಗಸರು, ನದಿಯಲ್ಲಿ ದೋಣಿ. ಪ್ರವಾಸಿಗಳೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಬುಟ್ಟಿ ಹೊತ್ತವರ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಂತೆ. ಬೆನ್ನ ಮೇಲೆ ಬುಟ್ಟಿ, ಒಬ್ಬರ ಹಿಂದೆ ಒಬ್ಬರು. ಅಂಥ ಒಂದು ಬುಟ್ಟಿ ತುಂಬಿದರೆ ಐವತ್ತು ಕಿಲೋ ದಾಟುತ್ತಿತ್ತು.

ಎರಡನೇ ದಿನ ಬೆಳಗ್ಗೆ ಊರಿನ ಮೇಲಿರುವ ಒಂದು ಹಳೇ ತೋಟಕ್ಕೆ ಹತ್ತಿದೆ. ಅಲ್ಲಿ ತೋಟ, ಮನೆ, ವೈನ್ ಮಾಡುವ ಕಟ್ಟಡ ಎಲ್ಲ ಸೇರಿ ಕಿಂತಾ. ತೋಟ ತೋರಿಸಲು ಬಂದ ಹುಡುಗಿ ಇಂಗ್ಲಿಷ್ ಬಲ್ಲವಳು, ಅಲ್ಲೇ ಹುಟ್ಟಿ ಬೆಳೆದವಳು. ಒಂಬತ್ತೂವರೆ ಆಗಿತ್ತು. ಗೋಡೆಗೆ ಕೈಯಿಟ್ಟೆ. ಕಲ್ಲು ಆಗಲೇ ಬೆಚ್ಚಗಿತ್ತು.

ಆ ಗೋಡೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನನ್ನ ತಲೆಗಿಂತ ಒಂದು ಗೇಣು ಎತ್ತರ ಇತ್ತು. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕೆಸರು ಮೆತ್ತಿದ್ದೂ ಇಲ್ಲ. ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ, ಸಂದಿಗೆ ಚಕ್ಕೆ ಕೊಟ್ಟು, ಇಡೀ ಗೋಡೆಯನ್ನು ಬೆಟ್ಟದ ಕಡೆಗೆ ಒಂಚೂರು ವಾಲಿಸಿದ್ದರು. ಗಾರೆ ಹಾಕಿದರೆ ಮಳೆ ನೀರು ಹಿಂದೆ ಕಟ್ಟಿಕೊಂಡು ಗೋಡೆಯನ್ನೇ ತಳ್ಳಿಬಿಡುತ್ತದೆ. ಹೀಗಿದ್ದರೆ ನೀರು ಸಂದಿಗಳಲ್ಲಿ ಇಳಿದು ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಗೋಡೆಯ ಮಧ್ಯೆ ಅಲ್ಲಲ್ಲಿ ಚೌಕದ ತೂತುಗಳಿದ್ದವು. ಒಂದಕ್ಕೆ ಕೈ ಹಾಕಿದರೆ ಮೊಣಕೈ ತನಕ ಹೋಯಿತು. ಒಳಗೆ ಒಣ ಮಣ್ಣು, ಒಂದು ಬಸವನಹುಳದ ಚಿಪ್ಪು.

ಹಕ್ಕಿ ಗೂಡಿಗೆ ಬಿಟ್ಟದ್ದು ಅಂದುಕೊಂಡೆ. ಅಲ್ಲವಂತೆ. ಅದಕ್ಕೆ ಪಿಲ್ಯೇರು ಅನ್ನುತ್ತಾರೆ. ಹಿಂದಿನ ಕಾಲದಲ್ಲಿ ದ್ರಾಕ್ಷಿ ಬಳ್ಳಿಯನ್ನು ಈ ತೂತಿನಲ್ಲಿ ನೆಡುತ್ತಿದ್ದರು. ಬಳ್ಳಿ ಗೋಡೆಯಿಂದ ಹೊರಗೆ ಬಂದು ಕೆಳಗೆ ಜೋತು ಬೀಳುತ್ತಿತ್ತು. ಯಾಕೆ ಅಂದರೆ, ಗೋಡೆಯ ಮೇಲಿನ ಅಷ್ಟಗಲದ ಸಮತಟ್ಟು ಜಾಗ ಧಾನ್ಯಕ್ಕೆ ಬೇಕಿತ್ತು. ದ್ರಾಕ್ಷಿ ಮಾರಾಟಕ್ಕೆ, ಧಾನ್ಯ ಹೊಟ್ಟೆಗೆ. ಹೊಟ್ಟೆಯದಕ್ಕೆ ನೆಲ ಕೊಟ್ಟು, ಮಾರುವುದನ್ನು ಗೋಡೆಯಲ್ಲಿ ಬೆಳೆದರು. ಇದನ್ನು ಕೇಳಿ ನನಗೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ನಮ್ಮ ಚಪ್ಪರದ ಕೆಳಗೆ ಅವ್ವ ಹುರುಳಿಕಾಯಿ, ಸೊಪ್ಪು ಹಾಕುತ್ತಿದ್ದದ್ದು ಕಣ್ಣ ಮುಂದೆ ಬಂತು.

ಇನ್ನು ಮಣ್ಣು. ಅಲ್ಲಿ ಮಣ್ಣೇ ಇರಲಿಲ್ಲ. ಇಡೀ ಕಣಿವೆಯಲ್ಲಿ ಇರುವುದು ಹಾಳೆ ಹಾಳೆಯಾಗಿ ಏಳುವ ಒಂದು ಕಂದು ಕಲ್ಲು. ಇಂಗ್ಲಿಷಿನಲ್ಲಿ ಶಿಸ್ಟ್, ಅಲ್ಲಿನವರಿಗೆ ಶಿಷ್ಟು. ಹಾರೆ, ಗುದ್ದಲಿ, ಸುತ್ತಿಗೆ, ಆಮೇಲೆ ಸಿಡಿಮದ್ದು ಇಟ್ಟು ಆ ಬಂಡೆಯನ್ನು ಒಡೆದರು. ದೊಡ್ಡ ಚೂರು ಗೋಡೆಗೆ ಹೋಯಿತು. ಸಣ್ಣದು, ಪುಡಿ, ಗೋಡೆಯ ಹಿಂದೆ ತುಂಬಿತು. ಅದೇ ಮಣ್ಣು. ಕಾಲಡಿ ನೋಡಿದರೆ ಒಡೆದ ಹೆಂಚಿನ ರಾಶಿ ಮೇಲೆ ನಡೆದ ಹಾಗೆ ಚಕ್ಕೆಗಳು ಕಟಕಟ ಅನ್ನುತ್ತವೆ. ಈ ಕಲ್ಲಿನ ಪದರಗಳು ಹೆಚ್ಚಾಗಿ ನೆಟ್ಟಗೆ ನಿಂತಿವೆ. ಮಳೆ ನೀರು ಆ ಬಿರುಕುಗಳಲ್ಲಿ ಇಳಿಯುತ್ತದೆ, ಹಿಂದೆಯೇ ಬೇರು ಇಳಿಯುತ್ತದೆ. ಹಳೇ ಬಳ್ಳಿಗಳ ಬೇರು ಹತ್ತಾರು ಅಡಿ ಆಳಕ್ಕೆ ಹೋಗಿರುತ್ತದೆ. ಕಲ್ಲು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ಇನ್ನೊಂದು ನೋಡಿ ತುಂಬ ಖುಷಿಯಾಯಿತು. ಹಳೇ ತೋಟಗಳಲ್ಲಿ ತಂತಿ ಎಳೆಯಲು ನೆಟ್ಟ ಗೂಟಗಳೂ ಕಲ್ಲಿನವೇ, ಅದೇ ಶಿಷ್ಟುವಿನ ಉದ್ದನೆ ಸೀಳುಗಳು. ನಮ್ಮ ಚಪ್ಪರದ ಕಲ್ಲುಕಂಬಗಳ ಬಡ ನೆಂಟರ ಹಾಗೆ ನಿಂತಿದ್ದವು.

ಈ ಗೋಡೆಗಳನ್ನು ಯಾರು ಕಟ್ಟಿದರು? ಹುಡುಗಿಯನ್ನು ಕೇಳಿದೆ. ಇಲ್ಲಿನ ರೈತರು, ಮತ್ತೆ ಕೂಲಿಗೆ ಬಂದ ಗಲೀಸಿಯಾದವರು ಅಂದಳು. ಗಲೀಸಿಯಾ ಅಂದರೆ ಪೋರ್ಚುಗಲ್‌ನ ಬಡಗಣ ಗಡಿಯಾಚೆ, ಸ್ಪೇನಿನ ಒಂದು ಸೀಮೆ. ಕಾಲ್ನಡೆಯಲ್ಲಿ ಬಂದು, ಗುಂಪುಗುಂಪಾಗಿ ದುಡಿದು, ವಾಪಸ್ ಹೋದವರು. ಅವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. 2001ರಲ್ಲಿ ಯುನೆಸ್ಕೊ ಈ ಕಣಿವೆಯ 24,600 ಹೆಕ್ಟೇರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡಿಯಲ್ಲ, ಕೋಟೆಯಲ್ಲ. ಕೂಲಿಯವರು ಕೈಯಲ್ಲಿ ಮಾಡಿದ ಬೆಟ್ಟ. ನನಗಂತೂ ಆ ಪಟ್ಟಿಯ ಎಷ್ಟೋ ಅರಮನೆಗಳಿಗಿಂತ ಇದೇ ದೊಡ್ಡದು.

ಹವೆ ಬಗ್ಗೆ ಅಲ್ಲಿನವರದ್ದೇ ಒಂದು ಮಾತಿದೆ: ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ. ಅವರ ಭಾಷೆಯಲ್ಲಿ ಚಳಿಗಾಲಕ್ಕೂ ನರಕಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಪಡುವಣದಲ್ಲಿ ಮರಾಂವ್ ಬೆಟ್ಟಸಾಲು ಅಡ್ಡ ನಿಂತು ಸಮುದ್ರದ ಮಳೆಯನ್ನೆಲ್ಲ ಆ ಕಡೆಗೇ ಸುರಿಸಿಕೊಳ್ಳುತ್ತದೆ. ನಮ್ಮ ಘಟ್ಟದ ಈಚೆ ಬಯಲುಸೀಮೆ ಇದ್ದ ಹಾಗೆ ಇವರ ಪಾಡು. ಕಣಿವೆಯಲ್ಲಿ ಮೇಲಕ್ಕೆ, ಸ್ಪೇನಿನ ಕಡೆಗೆ ಹೋದಷ್ಟೂ ಮಳೆ ಕಮ್ಮಿ, ಬಿಸಿಲು ಜಾಸ್ತಿ.

ಕಾಗದದ ಕಥೆ ಹೇಳದೆ ಈ ತೋಟಗಳ ಕಥೆ ಪೂರ್ತಿಯಾಗುವುದಿಲ್ಲ. ಹದಿನೇಳನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಫ್ರಾನ್ಸ್ ಜತೆ ಜಗಳ. ಅಲ್ಲಿನ ವೈನ್ ಬಿಟ್ಟು ಪೋರ್ಚುಗಲ್‌ನದ್ದು ಕುಡಿಯತೊಡಗಿದರು. 1703ರಲ್ಲಿ ಇಂಗ್ಲೆಂಡ್, ಪೋರ್ಚುಗಲ್ ಮಾಡಿಕೊಂಡ ಒಪ್ಪಂದದಿಂದ ಸುಂಕವೂ ಇಳಿಯಿತು. ಬೇಡಿಕೆ ಏರಿತು, ಕಲಬೆರಕೆಯೂ ಏರಿತು. ಬಣ್ಣ ಬರಲಿ ಎಂದು ಎಲ್ಡರ್ ಎಂಬ ಗಿಡದ ಕಪ್ಪು ಹಣ್ಣಿನ ರಸ ಬೆರೆಸುತ್ತಿದ್ದರು. ವ್ಯಾಪಾರಿಗಳು ರೈತರನ್ನು ದೂರಿದರು, ರೈತರು ವ್ಯಾಪಾರಿಗಳನ್ನು. ಬೆಲೆ ಬಿದ್ದುಹೋಯಿತು. 1755ರಲ್ಲಿ ಲಿಸ್ಬನ್ ಭೂಕಂಪ ಆಯಿತಲ್ಲ, ಆಗ ಊರನ್ನು ಮತ್ತೆ ಎತ್ತಿ ನಿಲ್ಲಿಸಿದ ಮಂತ್ರಿ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದವನು, ಮರುವರ್ಷವೇ ಇದಕ್ಕೆ ಕೈ ಹಾಕಿದ. 1756ರ ಸೆಪ್ಟೆಂಬರ್ 10ರಂದು ಸರ್ಕಾರಿ ಸನ್ನದಿನ ಒಂದು ಕಂಪನಿ ಹುಟ್ಟಿತು. ರಫ್ತಾಗುವ ವೈನಿನ ದ್ರಾಕ್ಷಿ ಎಲ್ಲಿಂದ ಎಲ್ಲಿಯ ತನಕ ಬೆಳೆಯಬಹುದು ಎಂದು ಗಡಿ ಗುರುತಿಸಿದರು. ಆಳೆತ್ತರದ 335 ಗ್ರಾನೈಟ್ ಕಲ್ಲುಗಳನ್ನು ನೆಟ್ಟರು. ಎಲ್ಡರ್ ಗಿಡಗಳನ್ನು ಬೇರುಸಹಿತ ಕೀಳಿಸಿದರು. ಜಗತ್ತಿನಲ್ಲಿ ಕಾನೂನಿನಿಂದ ಗಡಿ ಹಾಕಿಸಿಕೊಂಡ ಅತಿ ಹಳೆಯ ವೈನ್ ಸೀಮೆಗಳಲ್ಲಿ ಇದೂ ಒಂದು.

ಎಲ್ಲರೂ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. 1757ರಲ್ಲಿ ಈ ಕಂಪನಿಯ ವಿರುದ್ಧ ಪೋರ್ಟೊದ ಹೆಂಡದಂಗಡಿಯವರು, ಬಡವರು ದಂಗೆ ಎದ್ದದ್ದನ್ನು, ಅವರಲ್ಲಿ ಹಲವರನ್ನು ನೇಣಿಗೆ ಹಾಕಿದ್ದನ್ನು ಅಷ್ಟು ಜನ ಹೇಳುವುದಿಲ್ಲ. ನನಗೆ ಎರಡೂ ಒಟ್ಟಿಗೇ ನೆನಪಿರಬೇಕು ಅನಿಸುತ್ತದೆ. ಒಂದು ಗಡಿಕಲ್ಲನ್ನು ಒಬ್ಬರ ಮನೆ ಹಿತ್ತಲಿನಲ್ಲಿ ನೋಡಿದೆ. ರಫ್ತಿನ ವೈನ್ ಸೀಮೆಯ ಗುರುತಾದ ಫೈತೊರಿಯಾ ಎಂಬ ಮಾತು ಕೆತ್ತಿತ್ತು, ಕೆಳಗೆ 1758. ಪಕ್ಕದಲ್ಲಿ ಬಟ್ಟೆ ಒಣಹಾಕಿದ್ದರು.

ಆ ಲೆಕ್ಕಾಚಾರ ಇವತ್ತಿಗೂ ಮುಗಿದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಪ್ರತಿ ತೋಟಕ್ಕೂ ಅಂಕ ಕೊಡುವ ಪದ್ಧತಿ ಬಂತು. ಎತ್ತರ ಎಷ್ಟು, ಇಳಿಜಾರು ಎಷ್ಟು, ಯಾವ ದಿಕ್ಕಿಗೆ ಮುಖ, ಎಂಥ ಕಲ್ಲು, ಬಳ್ಳಿಗೆ ಎಷ್ಟು ವಯಸ್ಸು, ಎಲ್ಲಕ್ಕೂ ಅಂಕ. ಕೂಡಿಸಿ ಎ ಇಂದ ಐ ತನಕ ದರ್ಜೆ. ಎಫ್ ತನಕದವರು ತಮ್ಮ ದ್ರಾಕ್ಷಿಯಲ್ಲಿ ಒಂದಿಷ್ಟು ಪಾಲನ್ನು ಪೋರ್ಟ್‌ಗೆ ಕೊಡಬಹುದು. ಆ ಪಾಲಿಗೆ ಬೆನಿಫೀಸಿಯು ಎಂದು ಹೆಸರು. ಒಟ್ಟು ಎಷ್ಟು ಎನ್ನುವುದನ್ನು ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಸರ್ಕಾರದ ಸಂಸ್ಥೆ ತೀರ್ಮಾನಿಸುತ್ತದೆ. ಮಿಕ್ಕಿದ್ದು ಮಾಮೂಲಿ ವೈನ್‌ಗೆ. ಅದಕ್ಕೆ ಸಿಗುವ ದುಡ್ಡು ತುಂಬ ಕಮ್ಮಿ. ಒಂದೇ ಬಳ್ಳಿ, ಒಂದೇ ಗೊಂಚಲು, ಎರಡು ಬೆಲೆ.

2023ರಲ್ಲಿ ಬೆನಿಫೀಸಿಯು 104,000 ಪೀಪಾಯಿ. 2024ರಲ್ಲಿ 90,000. ನಾನು ಹೋಗಿದ್ದ 2025ರಲ್ಲಿ 75,000. ಲೋಕದಲ್ಲಿ ಪೋರ್ಟ್ ಕುಡಿಯುವವರು ಕಮ್ಮಿಯಾಗುತ್ತಿದ್ದಾರೆ, ಗೋದಾಮುಗಳಲ್ಲಿ ಹಳೇ ಸರಕು ಕೂತಿದೆ. ಕಣಿವೆಯಲ್ಲಿ ಹೆಚ್ಚಿನವರು ಸಣ್ಣ ರೈತರು, ನಾಲ್ಕೈದು ಎಕರೆಯವರು. ಅವರಿಗೆ ಕೂಲಿ, ಔಷಧಿ, ಗೋಡೆ ರಿಪೇರಿ ಯಾವುದೂ ಇಳಿದಿಲ್ಲ. ರೆಗುವಾ ಊರಿನ ಬೀದಿಯಲ್ಲಿ ಅವರು ಪ್ರತಿಭಟನೆ ಮಾಡಿದ್ದರು. ಬಸ್ಸಿಗೆ ಕಾಯುವಾಗ ಮಾತಿಗೆ ಸಿಕ್ಕ ಒಬ್ಬರು, ಅರವತ್ತು ದಾಟಿದವರು, ಈ ಸಲ ಒಂದು ಅಂಕಣದ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಬಿಟ್ಟೆ ಅಂದರು. ಕೊಯ್ಯುವ ಕೂಲಿಯೂ ಗಿಟ್ಟುವುದಿಲ್ಲವಂತೆ. ಅವರು ಹೇಳುವಾಗ ರಸ್ತೆಯನ್ನೇ ನೋಡುತ್ತಿದ್ದರು. ಬೆಲೆ ಬಿದ್ದ ವರ್ಷ ಅಪ್ಪನೂ ಹೀಗೇ, ಮುಖ ನೋಡಿ ಮಾತಾಡುವುದಿಲ್ಲ.

ಆ ಇಳಿಜಾರುಗಳಲ್ಲಿ ಕೆಲವು ಕಡೆ ಗೋಡೆಗಳಿವೆ, ಬಳ್ಳಿ ಇಲ್ಲ. ಪೊದೆ, ಹುಲ್ಲು, ಅಲ್ಲೊಂದು ಇಲ್ಲೊಂದು ಆಲಿವ್ ಮರ. ಇವಕ್ಕೆ ಮೊರ್ತೋರಿಯು ಅಂತಾರೆ, ಸತ್ತ ತೋಟ. 1860ರ ದಶಕದಲ್ಲಿ ಫಿಲೊಕ್ಸೆರಾ ಎಂಬ ಹೇನಿನಂಥ ಹುಳ ಅಮೆರಿಕದಿಂದ ಯುರೋಪಿಗೆ ಬಂತು. ಬೇರಿಗೆ ಕೂತು ಬಳ್ಳಿಯನ್ನು ಒಣಗಿಸಿತು. ಊರಿಗೆ ಊರೇ ಹಾಳಾಯಿತು, ಎಷ್ಟೋ ಜನ ಗುಳೆ ಹೋದರು. ಕೊನೆಗೆ ಸಿಕ್ಕಿದ ದಾರಿ, ಆ ಹುಳಕ್ಕೆ ಜಗ್ಗದ ಅಮೆರಿಕದ ಬೇರಿಗೆ ಇಲ್ಲಿನ ಕಡ್ಡಿ ಕಸಿ ಕಟ್ಟುವುದು. ನಮ್ಮ ದ್ರಾಕ್ಷಿ ಬೆಳೆಗಾರರು ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟಿಸುತ್ತಾರಲ್ಲ, ಅದೂ ಅಮೆರಿಕದ ಕಾಡುದ್ರಾಕ್ಷಿಯದೇ. ಶಕ್ತಿ ಇದ್ದವರು ಮತ್ತೆ ನೆಟ್ಟರು. ಇಲ್ಲದವರ ಗೋಡೆಗಳು ಹಾಗೇ ಉಳಿದವು.

ಆ ಕಾಲದಲ್ಲಿ ನಿಂತವರಲ್ಲಿ ದೋನಾ ಅಂತೋನಿಯಾ ಫೆರೇರಾ ಒಬ್ಬರು. 1811ರಲ್ಲಿ ರೆಗುವಾದಲ್ಲಿ ಹುಟ್ಟಿದವರು, 33ಕ್ಕೇ ಗಂಡನನ್ನು ಕಳೆದುಕೊಂಡವರು. ಆಮೇಲೆ ಕಣಿವೆಯ ದೊಡ್ಡ ತೋಟಗಾರ್ತಿ ಆದರು. ಬಂಡೆಗಾಡನ್ನು ಕೊಂಡು ಹೊಸ ತೋಟ ಮಾಡಿಸಿದರು, ಬರಗಾಲದಂಥ ಆ ದಿನಗಳಲ್ಲಿ ನೂರಾರು ಜನಕ್ಕೆ ಕೆಲಸ ಕೊಟ್ಟರು. 1896ರಲ್ಲಿ ತೀರಿಕೊಂಡರು. ಈಗಲೂ ಅಲ್ಲಿ ಅವರನ್ನು ಫೆರೆರಿನ್ಯಾ ಎಂದು, ಮನೆ ಮಗಳನ್ನು ಕರೆಯುವ ಹಾಗೆ, ಸಲಿಗೆಯ ಹೆಸರಿನಲ್ಲಿ ನೆನೆಯುತ್ತಾರೆ. 1861ರಲ್ಲಿ ವಲೇರಾ ಎಂಬಲ್ಲಿ ಅವರಿದ್ದ ದೋಣಿ ಮುಗುಚಿತು. ಈ ನದಿಯ ನಕ್ಷೆ ಬರೆದಿದ್ದ ಇಂಗ್ಲಿಷ್ ವ್ಯಾಪಾರಿ ಫಾರೆಸ್ಟರ್ ಅದರಲ್ಲಿ ಮುಳುಗಿ ಹೋದ. ಅಂತೋನಿಯಾ ಬದುಕಿದರು. ಅಗಲವಾದ ಲಂಗ ಗಾಳಿ ತುಂಬಿ ತೇಲಿಸಿತು ಎಂದು ಜನ ಕಥೆ ಕಟ್ಟಿದ್ದಾರೆ.

ನಾಲ್ಕನೇ ರಾತ್ರಿ ಒಂದು ಸಣ್ಣ ಕಿಂತಾದಲ್ಲಿ ದ್ರಾಕ್ಷಿ ತುಳಿಯುವುದಕ್ಕೆ ಸೇರಿಸಿಕೊಂಡರು. ಗ್ರಾನೈಟ್ ಕಲ್ಲಿನ ದೊಡ್ಡ ತೊಟ್ಟಿ, ಹೆಸರು ಲಗಾರ್. ನಮ್ಮೂರ ಕಲ್ಲುತೊಟ್ಟಿಯ ಹತ್ತರಷ್ಟಿತ್ತು. ಕಾಲು ತೊಳೆದು, ಚಡ್ಡಿ ಹಾಕಿಕೊಂಡು ಇಳಿದೆ. ತೊಡೆ ತನಕ ಬಂತು. ಮೇಲೆ ತಣ್ಣಗೆ, ಒಳಗೆ ಅಲ್ಲಲ್ಲಿ ಬೆಚ್ಚಗೆ, ಹುದುಗು ಶುರುವಾಗಿದ್ದ ಕಡೆ. ಕಾಲ ಬೆರಳ ನಡುವೆ ಹಣ್ಣು ಪಿಚ್ಚೆಂದು ಜಾರುತ್ತಿತ್ತು, ತೊಟ್ಟು ಚುಚ್ಚುತ್ತಿತ್ತು.

ಮೊದಲ ಎರಡು ಗಂಟೆ ಆಟವಲ್ಲ. ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಲ್ಲಬೇಕು. ಒಬ್ಬರು ಒಂದು, ಎರಡು ಎಂದು ಕೂಗುತ್ತಾರೆ. ಆ ಲೆಕ್ಕಕ್ಕೆ ಎಲ್ಲರೂ ಮೊಣಕಾಲು ಎತ್ತಿ ಇಳಿಸಬೇಕು, ಸಾಲು ಒಡೆಯದ ಹಾಗೆ ಅಂಗುಲ ಅಂಗುಲ ಮುಂದೆ ಹೋಗಬೇಕು. ಇದಕ್ಕೆ ಕೋರ್ತೆ, ಕತ್ತರಿಸುವುದು, ಎಂದು ಹೆಸರು. ನನ್ನ ಎಡಕ್ಕಿದ್ದ ಹೆಂಗಸು ಬೆಳಗ್ಗೆಯಿಂದ ಕೊಯ್ಲು ಮಾಡಿ ಬಂದವರು. ಅವರ ಕೈ ನನ್ನ ಹೆಗಲ ಮೇಲೆ ಭಾರವಾಗಿ ಕೂತಿತ್ತು. ಅರ್ಧ ಗಂಟೆಗೆ ನನ್ನ ಸೊಂಟ ಹಿಡಿದುಕೊಂಡಿತು. ಅವರು ಒಂದೇ ಹದದಲ್ಲಿ ತುಳಿಯುತ್ತಿದ್ದರು. ಆಮೇಲೆ ಯಾರೋ ಅಕಾರ್ಡಿಯನ್ ತಂದರು. ಸಾಲು ಬಿಟ್ಟಿತು. ಈ ಎರಡನೇ ಭಾಗಕ್ಕೆ ಲಿಬರ್ದಾದೆ, ಬಿಡುಗಡೆ. ಯಾರು ಹೇಗೆ ಬೇಕಾದರೂ ಕುಣಿಯಬಹುದು.

ಕಾಲಲ್ಲೇ ಯಾಕೆ? ಹೊರಗಿನವರಿಗೆ ತೋರಿಸಲಿಕ್ಕೆ ಅಂದುಕೊಳ್ಳಬೇಡಿ. ಪೋರ್ಟ್‌ಗೆ ಹುದುಗುವ ಕಾಲ ತೀರ ಕಮ್ಮಿ, ಎರಡು ಮೂರು ದಿನ. ಅಷ್ಟರಲ್ಲಿ ಸಿಪ್ಪೆಯ ಬಣ್ಣ, ಒಗರು ಎಲ್ಲ ರಸಕ್ಕೆ ಇಳಿಯಬೇಕು. ಬೀಜ ಮಾತ್ರ ಒಡೆಯಬಾರದು, ಒಡೆದರೆ ಕಹಿ. ಪಾದಕ್ಕೆ ಆ ಹದ ಗೊತ್ತು. ಈಗ ದೊಡ್ಡ ಕಂಪನಿಗಳಲ್ಲಿ ಪಾದದ ಹಾಗೆ ತುಳಿಯುವ ಯಂತ್ರಗಳಿವೆ. ಒಳ್ಳೇ ದ್ರಾಕ್ಷಿಗೆ ಕಾಲೇ ಬೇಕು ಅನ್ನುವ ಕಿಂತಾಗಳು ಇನ್ನೂ ಇವೆ.

ಹಣ್ಣಿನ ಸಕ್ಕರೆಯಲ್ಲಿ ಅರ್ಧದಷ್ಟು ಹುದುಗಿ ಆಲ್ಕೋಹಾಲ್ ಆದಾಗ ರಸ ಬಸಿದು, ಅದಕ್ಕೆ 77 ಶೇಕಡಾ ಆಲ್ಕೋಹಾಲ್‌ನ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ಹುದುಗು ಅಲ್ಲಿಗೆ ಸಾಯುತ್ತದೆ. ಉಳಿದ ಸಿಹಿ ಸಿಹಿಯಾಗಿಯೇ ನಿಲ್ಲುತ್ತದೆ. ಹೆಚ್ಚೂಕಡಿಮೆ 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ. ಕೂಡಿಸಿದರೆ 550. ಅದು ಒಂದು ಪೀಪಾ.

ಪೀಪಾ! ತೊಟ್ಟಿಯ ಪಕ್ಕ ಗೋಡೆಗೆ ಒರಗಿಸಿದ್ದ ಮರದ ಪೀಪಾಯಿಯನ್ನು ತೋರಿಸಿ ಮೇಸ್ತ್ರಿ ಆ ಮಾತು ಹೇಳಿದಾಗ ನಾನು ಎರಡು ಸಲ ಕೇಳಿದೆ. ಪೀಪಾ ಅಂದರು. ನಮ್ಮ ತೋಟದಲ್ಲಿ ಔಷಧಿ ಕಲಸುವ ನೀಲಿ ಡ್ರಮ್ಮನ್ನು ಅಜ್ಜಿ ಕೊನೆ ತನಕ ಪೀಪಾಯಿ ಎಂದೇ ಕರೆದರು. ರಸ್ತೆ ಬದಿಯ ಟಾರಿನ ಡಬ್ಬವೂ ಅವರಿಗೆ ಪೀಪಾಯಿಯೇ. ಆ ಮಾತು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದು, ಘಟ್ಟ ಹತ್ತಿ, ಬಯಲುಸೀಮೆಯ ಅಜ್ಜಿಯ ಬಾಯಿಗೆ ಸೇರಿದೆ. ಉತ್ತರ ಕರ್ನಾಟಕದವರ ಚಾವಿ, ಮಂಗಳೂರು ಕಡೆಯ ಜನೇಲು, ಎಲ್ಲರ ಪಾದ್ರಿ, ಇವೂ ಅದೇ ಹಡಗಿನವು. ನಮ್ಮಲ್ಲೂ ಅದಕ್ಕೆ ಪೀಪಾಯಿ ಅಂತಾರೆ ಎಂದು ಹೇಳಿದೆ. ತೋಟ ತೋರಿಸಿದ್ದ ಹುಡುಗಿ ಅಲ್ಲೂ ಇದ್ದಳು, ಪೋರ್ಚುಗೀಸಿಗೆ ತಿರುಗಿಸಿದಳು. ಮೇಸ್ತ್ರಿ ಪೀಪಾಯಿಯ ಹೊಟ್ಟೆಗೆ ಎರಡು ಸಲ ತಟ್ಟಿ, ಪೀಪಾಯಿ, ಪೀಪಾಯಿ ಎಂದು ನಮ್ಮ ಹಾಗೇ ಎಳೆದು ಹೇಳಿ ನೋಡಿದರು.

ಪೋರ್ಟ್ ಅಲ್ಲದ ವೈನೂ ಈಗ ಈ ಕಣಿವೆಯಲ್ಲಿ ಜೋರಾಗಿದೆ. 1952ರಲ್ಲಿ ಬಾರ್ಕಾ ವೆಲ್ಯಾ ಎಂಬ ಕೆಂಪು ವೈನ್ ಆ ದಾರಿ ತೋರಿಸಿತು. ಸಿಹಿ ಇಲ್ಲದ, ಊಟದ ಜತೆ ಕುಡಿಯುವ ವೈನ್. ತೊರೀಗಾ ನಸಿಯೊನಾಲ್, ತೊರೀಗಾ ಫ್ರಾಂಕಾ, ತಿಂತಾ ರೊರೀಶ್ ಎಂಬ ತಳಿಗಳ ಹೆಸರು ಬಾಟಲಿಗಳ ಮೇಲೆ ಕಾಣುತ್ತವೆ. ನನಗೆ ಹಿಡಿಸಿದ್ದು ಅದಕ್ಕಿಂತ ಹಿಂದಿನ ಪದ್ಧತಿ. ಹಳೇ ತೋಟಗಳಲ್ಲಿ ಇಪ್ಪತ್ತು ಮೂವತ್ತು ತಳಿಗಳನ್ನು ಕಲಸಿ ನೆಟ್ಟಿರುತ್ತಾರೆ. ಒಂದಕ್ಕೆ ರೋಗ ಬಂದರೆ ಇನ್ನೊಂದು ನಿಲ್ಲುತ್ತದೆ, ಒಂದು ಹುಳಿ ಕೊಟ್ಟರೆ ಇನ್ನೊಂದು ಬಣ್ಣ. ನಮ್ಮ ಅಕ್ಕಡಿ ಸಾಲಿನ ಬುದ್ಧಿಯೇ. ಮೇಲಿನ ಫವಾಯೂಸ್ ಎಂಬ ಊರಿಗೂ ಹೋಗಿದ್ದೆ. ಸಿಹಿ ಮೊಸ್ಕತೆಲ್ ವೈನ್‌ಗೆ, ನಾಲ್ಕು ಮೂಲೆಯ ರೊಟ್ಟಿಗೆ ಹೆಸರಾದ ಊರು. ರೊಟ್ಟಿ ಬಿಸಿ ಇತ್ತು, ದಾರಿಯಲ್ಲೇ ತಿಂದು ಮುಗಿಸಿದೆ.

ಕೊನೆಯ ದಿನ ಪೋರ್ಟೊಗೆ ವಾಪಸ್. ನದಿಯ ಆಚೆ ದಡದಲ್ಲಿ ವಿಲಾ ನೋವಾ ದೆ ಗಾಯಾ. ಅಲ್ಲಿ ಉದ್ದುದ್ದ ಹೆಂಚಿನ ಗೋದಾಮುಗಳು, ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಹೆಸರುಗಳು. ಗ್ರಹಾಂ, ಟೇಲರ್, ಸ್ಯಾಂಡಮನ್, ಕಾಕ್‌ಬರ್ನ್. ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆಯ ವ್ಯಾಪಾರಿಗಳ ಮನೆತನಗಳು. ಕಣಿವೆಯ ಬಿಸಿಗಿಂತ ಸಮುದ್ರದ ತಂಪಿನಲ್ಲಿ ವೈನ್ ನಿಧಾನವಾಗಿ ಮಾಗುತ್ತದೆ, ಅದಕ್ಕೆ ಇಲ್ಲಿ ಇಡುತ್ತಿದ್ದರು. ಪೋರ್ಟ್ ರಫ್ತಾಗಬೇಕಾದರೆ ಗಾಯಾದಿಂದಲೇ ಹೋಗಬೇಕು ಎಂಬ ನಿಯಮ 1986ರ ತನಕ ಇತ್ತು. ಅಂದರೆ ಬೆಟ್ಟದ ರೈತ ತನ್ನ ಹೆಸರಿನಲ್ಲಿ ಬಾಟಲಿ ತುಂಬಿ ನೇರ ಹೊರದೇಶಕ್ಕೆ ಕಳಿಸಲು ಆಗ ಸಾಧ್ಯವಿರಲಿಲ್ಲ. ಈಗ ಕಳಿಸಬಹುದು. ಸಣ್ಣ ಕಿಂತಾಗಳ ಹೆಸರಿನ ಬಾಟಲಿಗಳು ಅಂಗಡಿಯಲ್ಲಿ ಕಂಡಾಗ ಎರಡು ಕೊಂಡೆ. ಮನಸ್ಸಿಟ್ಟೇ ಕೊಂಡೆ.

ಗೋದಾಮಿನ ಒಳಗೆ ಕತ್ತಲು, ತಂಪು, ಮರದ ವಾಸನೆ. ಪೀಪಾಯಿಯಲ್ಲೇ ಮಾಗಿಸುವ ಪೋರ್ಟ್‌ಗೆ ಟಾನಿ ಅಂತಾರೆ, ಇಪ್ಪತ್ತು ವರ್ಷದ್ದು ಒಂದು ಸಣ್ಣ ಗ್ಲಾಸ್ ಕೊಟ್ಟರು. ಪೀಪಾಯಿಯಲ್ಲಿ ವರ್ಷಗಟ್ಟಲೆ ಉಸಿರಾಡಿ ಕೆಂಪು ಹೋಗಿ ಕಾಫಿ ಡಿಕಾಕ್ಷನ್ ನೀರಾದ ಬಣ್ಣಕ್ಕೆ ತಿರುಗಿತ್ತು. ನಾಲಿಗೆಗೆ ಒಣದ್ರಾಕ್ಷಿ, ಹುರಿದ ಬಾದಾಮಿ, ಕೊನೆಗೆ ಬೆಲ್ಲದ ಪಾಕ ಹದಕ್ಕೆ ಬಂದಾಗಿನ ಘಮ. ಗೋವಾ ಅಂಗಡಿಗಳಲ್ಲಿ ಪೋರ್ಟ್ ವೈನ್ ಎಂದು ಮಾರುವ ಸಿಹಿ ಕೆಂಪು ನೀರು ನೆನಪಾಯಿತು. ಅದಕ್ಕೂ ಇದಕ್ಕೂ ಹೆಸರೊಂದೇ. ತುಂಬ ಹೊತ್ತು ಬಾಯಲ್ಲಿ ಉಳಿಯಿತು. ಅದು ಉಳಿದಿದ್ದಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಇದ್ದದ್ದು ಆ ಬೆಚ್ಚಗಿನ ಗೋಡೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗುವ ಹೊತ್ತು, ಅವರು ತೋಟಕ್ಕೆ ಹೊರಟಿದ್ದರು. ಫೋಟೊಗಳನ್ನು ಆಗಲೇ ನೋಡಿದ್ದರು.

"ಚಪ್ಪರ ಇಲ್ವಲ್ಲ, ಗಿಡ ಇಷ್ಟು ಕುಳ್ಳಗೆ ಬಿಟ್ಟವ್ರೆ," ಅಂದರು. ಆಮೇಲೆ, "ಬೋರು ಎಷ್ಟು ಅಡಿಗೆ ಹೋಗುತ್ತೆ ಅಲ್ಲಿ?"

ಹಳೇ ತೋಟಗಳಲ್ಲಿ ಬೋರ್‌ವೆಲ್ ಇಲ್ಲ, ಡ್ರಿಪ್ ಇಲ್ಲ, ಬಳ್ಳಿಯ ಬೇರು ತಾನೇ ಕಲ್ಲಿನೊಳಗೆ ಇಳಿದು ನೀರು ಹುಡುಕಿಕೊಳ್ಳುತ್ತೆ ಅಂದೆ. ಅಪ್ಪ ಸುಮ್ಮನಾದರು. ಅವರು ಎರಡು ವರ್ಷದ ಹಿಂದೆ ಸಾವಿರದಿನ್ನೂರು ಅಡಿ ಕೊರೆಸಿದ್ದು ಬರೀ ಧೂಳು ಎದ್ದಿತ್ತು.

"ಆ ಗೋಡೆ ಬಿದ್ರೆ?"

ಪ್ರತಿ ಚಳಿಗಾಲದ ಮಳೆಗೂ ಅಲ್ಲಲ್ಲಿ ಬೀಳುತ್ತೆ ಎಂದು ಹೇಳಿದೆ. ಇಳಿದು ಬರುವಾಗ ಕುಸಿದ ಗೋಡೆಯೊಂದನ್ನು ಇಬ್ಬರು ಎತ್ತಿ ಕಟ್ಟುತ್ತಿದ್ದದ್ದನ್ನು ಹೇಳಿದೆ. ಒಬ್ಬರಿಗೆ ಎಪ್ಪತ್ತು ದಾಟಿರಬೇಕು. ಒಂದು ಕಲ್ಲು ಎತ್ತುತ್ತಿದ್ದರು, ಕೈಯಲ್ಲೇ ತಿರುಗಿಸಿ ನೋಡುತ್ತಿದ್ದರು, ಸರಿ ಅನಿಸದೆ ಕೆಳಗಿಟ್ಟು ಇನ್ನೊಂದು ಎತ್ತುತ್ತಿದ್ದರು. ನಾನು ನೋಡಿದ ಹತ್ತು ನಿಮಿಷದಲ್ಲಿ ಕೂತದ್ದು ನಾಲ್ಕು ಕಲ್ಲು.

"ದಿನಕ್ಕೆ ಕೂಲಿ ಎಷ್ಟು ಅವ್ರಿಗೆ?"

"ಕೇಳಲಿಲ್ಲ ಅಪ್ಪ."

"ಅದನ್ನ ಕೇಳ್ಬೇಕಿತ್ತು ಕಣಮ್ಮ," ಅಂದರು. ಹಿಂದೆ ಮೋಟರ್ ಸ್ಟಾರ್ಟ್ ಆದ ಸದ್ದು ಬಂತು. ಕರೆಂಟ್ ಬಂದಿತ್ತು, ಫೋನ್ ಇಟ್ಟರು.